ನಲವತ್ತರ ನಂತರ ಮುಟ್ಟು, ಬೆವರು, ನಿದ್ದೆ, ಸಿಟ್ಟು: ಹಾರ್ಮೋನ್ ಬದಲಾವಣೆಯ ಲೆಕ್ಕ ಇಡುವುದು ಹೇಗೆ?

ನಲವತ್ತು ದಾಟಿದವರು ಡಾಕ್ಟರ ಹತ್ತಿರ ಹೋದರೆ ಮೊದಲ ಪ್ರಶ್ನೆ ಇದೇ: "ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮಾ?" ಜಾಸ್ತಿ ಜನರ ಉತ್ತರ "ಗೌರಿ ಹಬ್ಬದ ಹಿಂದೆ ಮುಂದೆ ಇರಬೇಕು" ಅನ್ನುವುದು. ಅದರ ಹಿಂದಿನದು? ನೆನಪಿಲ್ಲ. ಎಷ್ಟು ಹೋಗುತ್ತದೆ? "ತುಂಬಾನೇ ಹೋಗುತ್ತೆ." ಇಷ್ಟರಿಂದ ಯಾವ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಸ್ಕ್ಯಾನು, ನಾಲ್ಕು ರಕ್ತ ಪರೀಕ್ಷೆ ಬರೆದು ಕಳಿಸುತ್ತಾರೆ, ನಾವು ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬಂದ ನಂಬರ್ ನೋಡಿ ಗಾಬರಿಯಾಗುತ್ತೇವೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಈ ವಯಸ್ಸಿನಲ್ಲಿ ನಿಮ್ಮ ಹಾರ್ಮೋನ್ ಏನು ಮಾಡುತ್ತಿದೆ ಅಂತ ಹೇಳುವ ಶಕ್ತಿ ಲ್ಯಾಬಿನ ದುಬಾರಿ ಪ್ಯಾಕೇಜಿಗಿಂತ ನೀವೇ ಮೂರ್ನಾಲ್ಕು ತಿಂಗಳು ಬರೆದಿಟ್ಟ ಲೆಕ್ಕಕ್ಕೆ ಜಾಸ್ತಿ ಇದೆ. ಆ ಲೆಕ್ಕ ಹೇಗೆ ಇಡುವುದು, ಹೇಗೆ ಓದುವುದು, ಡಾಕ್ಟರ ಮುಂದೆ ಹೇಗೆ ಇಡುವುದು ಅಂತ ಒಂದೊಂದಾಗಿ ನೋಡೋಣ.

ಒಳಗೆ ಏನಾಗುತ್ತಿದೆ?

ಇದನ್ನು ತಿಳಿದುಕೊಳ್ಳದೆ ಬರೀ ತಾರೀಖು ಬರೆದರೆ ಪ್ರಯೋಜನ ಕಡಿಮೆ, ಆದ್ದರಿಂದ ಎರಡು ನಿಮಿಷ ಇಲ್ಲಿ ನಿಲ್ಲಿ.

ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಕಳಿಸುತ್ತದೆ. ಅದು ಬಂದಾಗ ಅಂಡಾಶಯದಲ್ಲಿ ಒಂದು ಮೊಟ್ಟೆ ಬೆಳೆಯುತ್ತದೆ, ಜೊತೆಗೆ ಈಸ್ಟ್ರೋಜನ್ ತಯಾರಾಗುತ್ತದೆ. ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರ ದಪ್ಪ ಆಗುತ್ತದೆ. ಮೊಟ್ಟೆ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಪದರವನ್ನು ಹದದಲ್ಲಿ ಇಡುತ್ತದೆ. ಅದು ಇಳಿದಾಗ ಮುಟ್ಟು.

ನಲವತ್ತರ ಆಚೀಚೆ ಮೊಟ್ಟೆಗಳ ಸಂಖ್ಯೆ ಕಡಿಮೆಯಾಗುತ್ತಾ ಬರುತ್ತದೆ. ಕೆಲವು ತಿಂಗಳು ಮೊಟ್ಟೆ ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಇಲ್ಲ. ಪದರ ಸುಮ್ನೆ ಬೆಳೆಯುತ್ತಾ ಹೋಗಿ, ಒಂದು ದಿನ ತಡವಾಗಿ, ಜೋರಾಗಿ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಎರಡು ತಿಂಗಳು ಮುಟ್ಟಿಲ್ಲ, ಮೂರನೇ ತಿಂಗಳು ಹತ್ತು ದಿನ ನಿಲ್ಲಲೇ ಇಲ್ಲ ಅಂತ ಹೆಂಗಸರು ಹೇಳುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ.

ಇನ್ನೊಂದು ವಿಷಯ. ಈಸ್ಟ್ರೋಜನ್ ಮೆಟ್ಟಿಲು ಇಳಿದ ಹಾಗೆ ನಿಧಾನಕ್ಕೆ ಇಳಿಯುವುದಿಲ್ಲ. ಒಂದು ವಾರ ಮೊದಲಿಗಿಂತಲೂ ಮೇಲೆ ಹೋಗುತ್ತದೆ, ಇನ್ನೊಂದು ವಾರ ಪಾತಾಳಕ್ಕೆ ಇಳಿಯುತ್ತದೆ. ಎದೆ ಭಾರ, ತಲೆನೋವು, ಬಿಸಿ ಏರಿ ಬೆವರುವುದು, ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು, ಸಣ್ಣ ಮಾತಿಗೂ ಅಳು ಬರುವುದು ಎಲ್ಲ ಈ ಏರಿಳಿತದ ಜೊತೆಗೇ ಬರುತ್ತವೆ. ಮುಟ್ಟು ಇನ್ನೂ ನಿಲ್ಲದೆ ಇರುವಾಗಲೇ ಇದೆಲ್ಲ ಶುರುವಾಗಬಹುದು. ಇದನ್ನೇ ಪೆರಿಮೆನೋಪಾಸ್ ಅನ್ನುತ್ತಾರೆ, ಇದು ನಾಲ್ಕೈದು ವರ್ಷವೂ ನಡೆಯಬಹುದು. ಒಂದು ಸಲವೂ ಮುಟ್ಟಾಗದೆ ಪೂರ್ತಿ 12 ತಿಂಗಳು ಕಳೆದರೆ ಅದು ಮೆನೋಪಾಸ್, ಅಂದರೆ ಮುಟ್ಟು ನಿಂತಿದೆ ಅಂತ ಅರ್ಥ. ಭಾರತದಲ್ಲಿ ಇದು ಸರಾಸರಿ 46–47 ವರ್ಷಕ್ಕೆ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರು. ಹಾಗಾಗಿ ಅಲ್ಲಿಯ ಲೇಖನ ಓದಿ "ನನಗಿನ್ನೂ 43, ಅದೆಲ್ಲ ಈಗಲೇ ಎಲ್ಲಿ" ಅಂತ ಅಂದುಕೊಳ್ಳಬೇಡಿ.

ಹಂತ 1: ಎಲ್ಲಿ ಬರೆಯುವುದು?

ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ವಾ, ಹಾಲು ಬರದ ದಿನ, ಗ್ಯಾಸ್ ಬಂದ ದಿನ ಗುರುತು ಹಾಕುತ್ತೇವಲ್ಲ, ಅದೇ ಸಾಕು. ಎಲ್ಲರ ಕಣ್ಣಿಗೆ ಬೀಳುವುದು ಬೇಡ ಅನ್ನಿಸಿದರೆ ಒಂದು ಸಣ್ಣ ಡೈರಿ. ಮೊಬೈಲ್ ಆ್ಯಪ್ ಬಳಸುವವರು ಬಳಸಿ, ಆದರೆ ಎರಡು ವಿಷಯ ನೆನಪಿರಲಿ. ಆ ಆ್ಯಪ್‌ಗಳು ಹಿಂದಿನ ತಿಂಗಳುಗಳನ್ನು ನೋಡಿ ಮುಂದಿನ ತಾರೀಖು ಊಹಿಸುತ್ತವೆ. ಈ ವಯಸ್ಸಿನಲ್ಲಿ ಆ ಊಹೆ ನಂಬುವ ಹಾಗಿಲ್ಲ, ಗರ್ಭ ತಡೆಯಲು "ಸೇಫ್ ದಿನ" ನೋಡುವುದಕ್ಕಂತೂ ಬೇಡವೇ ಬೇಡ. ಎರಡನೆಯದು, ನಿಮ್ಮ ಮೈಯ ವಿಷಯ ಯಾರ ಸರ್ವರ್‌ಗೆ ಹೋಗುತ್ತದೆ ಅಂತ ಒಮ್ಮೆ ಓದಿಕೊಳ್ಳಿ. ನನ್ನ ಮತ ಕಾಗದಕ್ಕೇ.

ಹಂತ 2: ಏನು ಬರೆಯುವುದು?

ಇಪ್ಪತ್ತು ವಿಷಯ ಬರೆಯಲು ಹೊರಟರೆ ಒಂದು ವಾರಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತೀರಿ. ರಾತ್ರಿ ಮಲಗುವ ಮೊದಲು ಒಂದು ನಿಮಿಷದಲ್ಲಿ ಮುಗಿಯಬೇಕು.

ಮುಟ್ಟಾದ ಮೊದಲ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಮೊದಲ ದಿನ ಅಂದರೆ ಪ್ಯಾಡ್ ಬೇಕಾಗುವಷ್ಟು ಹೋದ ದಿನ. ಬರೀ ಕಲೆ ಕಾಣಿಸಿದರೆ ಒಂದು ಚುಕ್ಕಿ ಇಡಿ. ಹೋಗುತ್ತಿರುವಷ್ಟು ದಿನ, ಆ ದಿನ ಎಷ್ಟು ಪ್ಯಾಡ್ ಬದಲಾಯಿಸಿದಿರಿ ಅಂತ ಬರೀ ನಂಬರ್ ಬರೆಯಿರಿ. ಬಟ್ಟೆ ಬಳಸುವವರು ಎಷ್ಟು ಸಲ ಬದಲಾಯಿಸಿದಿರಿ ಅಂತ ಬರೆದರೆ ಸಾಕು. ಗಡ್ಡೆ ಹೋದರೆ "ಗ" ಅಂತ ಹಾಕಿ. ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ ಅದರ ಸುತ್ತ ಒಂದು ಗೆರೆ. ರಾತ್ರಿ ಪ್ಯಾಡ್ ಬದಲಾಯಿಸಲು ಏಳಬೇಕಾಯಿತೇ, ಹಾಸಿಗೆಗೆ ಕಲೆಯಾಯಿತೇ ಅನ್ನುವುದನ್ನೂ ಬರೆಯಿರಿ. "ಜಾಸ್ತಿ ಹೋಗುತ್ತೆ" ಅನ್ನುವುದಕ್ಕೂ "ಎರಡನೇ ದಿನ ಒಂಬತ್ತು ಪ್ಯಾಡು, ರಾತ್ರಿ ಎರಡು ಸಲ ಎದ್ದೆ" ಅನ್ನುವುದಕ್ಕೂ ಡಾಕ್ಟರಿಗೆ ತುಂಬಾ ವ್ಯತ್ಯಾಸ ಇದೆ.

ಇದರ ಜೊತೆ ನಾಲ್ಕೇ ನಾಲ್ಕು ವಿಷಯಕ್ಕೆ ದಿನವೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿ: ಬಿಸಿ ಮತ್ತು ಬೆವರು, ನಿದ್ದೆ, ಮನಸ್ಸು, ಮೈಕೈ ನೋವು. ಸೊನ್ನೆ ಅಂದರೆ ತೊಂದರೆ ಇಲ್ಲ, ಮೂರು ಅಂದರೆ ಅವತ್ತಿನ ಕೆಲಸ ಕೆಟ್ಟಿತು. "ಬಿ2 ನಿ3 ಮ1 ನೋ0" ಅಂತ ಬರೆದರೆ ಮುಗಿಯಿತು.

ಔಷಧಿಗಳನ್ನು ಬರೆಯುವುದು ತುಂಬ ಜನ ಮರೆಯುತ್ತಾರೆ, ಆದರೆ ಲೆಕ್ಕ ಹಾಳಾಗುವುದೇ ಅಲ್ಲಿ. ವರಮಹಾಲಕ್ಷ್ಮಿ ಹಬ್ಬ, ಮದುವೆ, ತಿರುಪತಿ ಅಂತ ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುತ್ತೇವಲ್ಲ, ಅದರಲ್ಲಿ ಇರುವುದು ನೊರೆಥಿಸ್ಟರಾನ್ ಅನ್ನುವ ಹಾರ್ಮೋನ್. ಅದನ್ನು ನಿಲ್ಲಿಸಿದ ಮೇಲೆ ಬರುವ ಮುಟ್ಟು ಮಾತ್ರೆ ಹೇಳಿದ ತಾರೀಖಿಗೆ ಬಂದದ್ದು, ನಿಮ್ಮ ಅಂಡಾಶಯ ಹೇಳಿದ ತಾರೀಖಿಗಲ್ಲ. ಹಾಗಾಗಿ ಮಾತ್ರೆ ಶುರು ಮಾಡಿದ ದಿನ, ನಿಲ್ಲಿಸಿದ ದಿನ ಎರಡನ್ನೂ ಬರೆದು, ಆ ತಿಂಗಳನ್ನು ಎಣಿಕೆಯಿಂದ ಹೊರಗಿಡಿ. ಅಂದ ಹಾಗೆ, ಈ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದು ಬೇಡ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ತೊಂದರೆ ಇದ್ದವರಿಗೆ ಇದು ಅಪಾಯ. ಹಬ್ಬಕ್ಕೆ ಇನ್ನೂ ಸಮಯ ಇರುವಾಗಲೇ ಡಾಕ್ಟರನ್ನು ಕೇಳಿ.

ಗರ್ಭಕೋಶದಲ್ಲಿ ಹಾರ್ಮೋನ್ ಇರುವ ಐಯುಡಿ (ಗರ್ಭ ತಡೆಯಲು ಒಳಗೆ ಇಡುವ ಸಣ್ಣ ಸಾಧನ) ಹಾಕಿಸಿಕೊಂಡವರಿಗೆ ಮತ್ತು ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆಸಿಕೊಂಡವರಿಗೆ ಮುಟ್ಟಿನ ತಾರೀಖು ಸಿಗುವುದಿಲ್ಲ. ಅವರು ಆ ನಾಲ್ಕು ಅಂಕಗಳನ್ನೇ ಬರೆಯಬೇಕು.

ಹಂತ 3: ಬರೆದದ್ದನ್ನು ಓದುವುದು

45 ವರ್ಷದ ಒಬ್ಬರ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತುಗಳು ಹೀಗಿವೆ ಅಂತ ಇಟ್ಟುಕೊಳ್ಳಿ: ಜನವರಿ 4, ಜನವರಿ 30, ಮಾರ್ಚ್ 8, ಮಾರ್ಚ್ 31, ಏಪ್ರಿಲ್ 29. ಒಂದು ಸುತ್ತಿನಿಂದ ಇನ್ನೊಂದಕ್ಕೆ ಎಷ್ಟು ದಿನ ಅಂತ ಎಣಿಸಿದರೆ 26, 37, 23, 29. (ಆ ವರ್ಷ ಫೆಬ್ರವರಿಗೆ 28 ದಿನ ಅಂದುಕೊಂಡು.) ಈಗ ಪಕ್ಕಪಕ್ಕದ ಎರಡು ನಂಬರ್‌ಗಳ ವ್ಯತ್ಯಾಸ ನೋಡಿ: 11, 14, 6. ಮುಟ್ಟು ತಪ್ಪಿಲ್ಲ, ಪ್ರತಿ ಸಲ ಬಂದಿದೆ, ಆದರೂ ವ್ಯತ್ಯಾಸ ಏಳು ದಿನ ದಾಟಿದೆ, ಅದೂ ಒಂದಕ್ಕಿಂತ ಹೆಚ್ಚು ಸಲ. ಮುಟ್ಟು ನಿಲ್ಲುವ ಕಡೆಗಿನ ಪರಿವರ್ತನೆಯ ಮೊದಲ ಘಟ್ಟ ಅಂತ ಗುರುತಿಸಲು ತಜ್ಞರು ಬಳಸುವ ಅಳತೆ ಇದೇ: ಪಕ್ಕದ ಎರಡು ಚಕ್ರಗಳ ನಡುವೆ ಏಳು ದಿನ ಅಥವಾ ಜಾಸ್ತಿ ವ್ಯತ್ಯಾಸ, ಮತ್ತು ಅದು ಹತ್ತು ಚಕ್ರಗಳ ಒಳಗೆ ಮತ್ತೆ ಕಾಣಿಸಿಕೊಳ್ಳಬೇಕು. 2011ರಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಭೆಯಲ್ಲಿ ಪರಿಷ್ಕರಿಸಿದ "ಸ್ಟ್ರಾ+10" ಅನ್ನುವ ವರ್ಗೀಕರಣ ಇದು.

ಅದೇ ಹೆಂಗಸಿಗೆ ಏಪ್ರಿಲ್ 29 ಆದಮೇಲೆ ಮುಂದಿನ ಸುತ್ತು ಜುಲೈ 6ಕ್ಕೆ ಬಿತ್ತು ಅಂದರೆ 68 ದಿನ. ಅಂತರ 60 ದಿನ ಮುಟ್ಟಿದರೆ ಅದು ಎರಡನೇ ಘಟ್ಟ. ಇಲ್ಲಿಂದ ಮುಟ್ಟು ಪೂರ್ತಿ ನಿಲ್ಲಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಬಿಸಿ ಏರುವುದು, ರಾತ್ರಿ ಬೆವರುವುದು ಜೋರಾಗುವುದು ಹೆಚ್ಚಾಗಿ ಈ ಘಟ್ಟದಲ್ಲೇ. ನೋಡಿ, ಒಂದು ಹನಿ ರಕ್ತ ಕೊಡದೆ, ಕ್ಯಾಲೆಂಡರ್ ಮತ್ತು ಪೆನ್ನಿನಲ್ಲೇ ನೀವು ಎಲ್ಲಿದ್ದೀರಿ ಅಂತ ಗೊತ್ತಾಯಿತು.

ಆಮೇಲೆ ಅಂಕಗಳನ್ನು ನೋಡಿ. ನಿದ್ದೆ ಕೆಟ್ಟ ದಿನಗಳು ಮುಟ್ಟಿನ ಹಿಂದಿನ ವಾರದಲ್ಲೇ ಬೀಳುತ್ತವೆಯೇ, ಅಥವಾ ತಿಂಗಳು ಪೂರ್ತಿ ಇವೆಯೇ? ಸಂಜೆ ಸ್ಟ್ರಾಂಗ್ ಕಾಫಿ ಕುಡಿದ ದಿನ ಬೆವರು ಜಾಸ್ತಿಯೇ? ಮನಸ್ಸಿನ ಅಂಕ ಎರಡು ವಾರ ಬಿಡದೆ ಎರಡು-ಮೂರರಲ್ಲೇ ನಿಂತಿದ್ದರೆ ಅದನ್ನು "ಈ ವಯಸ್ಸಿಗೆ ಹೀಗೇ" ಅಂತ ಬಿಡಬೇಡಿ. ಈ ವರ್ಷಗಳಲ್ಲಿ ಖಿನ್ನತೆ ಬರುವ ಸಾಧ್ಯತೆ ಹೆಚ್ಚು, ಅದಕ್ಕೆ ಚಿಕಿತ್ಸೆಯೂ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಬಂದರೆ ಲೆಕ್ಕ ಬರೆಯುತ್ತಾ ಕೂರಬೇಡಿ, ಅವತ್ತೇ ಮಾತಾಡಿ.

ಹಂತ 4: ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ

ಮುಟ್ಟು ನಿಲ್ಲುವ ಕಾಲದ ಲಕ್ಷಣಗಳ ಹಾಗೇ ಕಾಣುವ ಬೇರೆ ಕಾಯಿಲೆಗಳಿವೆ. ಸುಸ್ತು, ತೂಕ ಏರುವುದು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಥೈರಾಯ್ಡ್ ತೊಂದರೆಯಲ್ಲೂ ಇವೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಅನ್ನುವುದು ರಕ್ತಹೀನತೆಯಿಂದಲೂ ಬರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಇದೆ. ಅಂಥವರಿಗೆ ಈ ವಯಸ್ಸಿನಲ್ಲಿ ತಿಂಗಳು ತಿಂಗಳು ಜೋರಾಗಿ ಹೋದರೆ ಏನಾಗಬೇಕು ಹೇಳಿ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುವುದು ಇದ್ದರೆ ಟಿಬಿ ಪರೀಕ್ಷೆ ಮಾಡಿಸಬೇಕು. ಮುಟ್ಟು ತಪ್ಪಿದರೆ ಮೊದಲು ಗರ್ಭ ಪರೀಕ್ಷೆ. 44ರಲ್ಲೂ ಗರ್ಭ ನಿಲ್ಲುತ್ತದೆ.

ಇವು ಇದ್ದರೆ ಮೂರು ತಿಂಗಳ ಲೆಕ್ಕ ಮುಗಿಯಲಿ ಅಂತ ಕಾಯಬೇಡಿ:

- ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು, ಹೀಗೇ ಎರಡು ಗಂಟೆ ದಾಟಿದರೆ. ತಲೆ ಸುತ್ತಿ ಬೀಳುವ ಹಾಗಾದರೆ. ಇದಕ್ಕೆ ಅವತ್ತೇ ಆಸ್ಪತ್ರೆ.
- ಎದೆ ಒತ್ತಿದ ಹಾಗೆ ನೋವು, ದವಡೆಗೆ ಅಥವಾ ತೋಳಿಗೆ ಹರಡುವ ನೋವು, ಬೆವರು, ಉಸಿರು ಕಟ್ಟುವುದು. ಇದನ್ನು ಗ್ಯಾಸ್ ಅಂತ, ಬಿಸಿ ಅಂತ ಬಿಡದೆ ಕೂಡಲೇ ಇಸಿಜಿ ಮಾಡಿಸಿ.
- ಎರಡು ಮುಟ್ಟಿನ ನಡುವೆ ಅಥವಾ ಗಂಡ-ಹೆಂಡತಿ ಸೇರಿದ ಮೇಲೆ ರಕ್ತ ಕಾಣಿಸಿದರೆ, ವಾಸನೆಯ ಬಿಳಿ ಸೆರಗು ಹೋಗುತ್ತಿದ್ದರೆ.
- ಮೊಲೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ.
- ನಲವತ್ತು ತುಂಬುವ ಮೊದಲೇ ಮೂರ್ನಾಲ್ಕು ತಿಂಗಳು ಮುಟ್ಟು ನಿಂತಿದ್ದರೆ.

ಹಂತ 5: ಯಾವ ಟೆಸ್ಟ್ ಬೇಕು, ಯಾವುದು ಬೇಡ?

"ಮಹಿಳೆಯರ ಹಾರ್ಮೋನ್ ಪ್ಯಾಕೇಜ್, ಅರ್ಧ ಬೆಲೆ" ಅಂತ ಫೋನಿಗೆ ಮೆಸೇಜ್ ಬರುತ್ತಿರುತ್ತದೆ. 45 ದಾಟಿ, ಮುಟ್ಟು ಏರುಪೇರಾಗಿ, ಬಿಸಿ-ಬೆವರು ಶುರುವಾಗಿದ್ದರೆ ಮೆನೋಪಾಸ್ ಹತ್ತಿರ ಬಂದಿದೆ ಅಂತ ತಿಳಿಯಲು ಎಫ್‌ಎಸ್‌ಎಚ್ ಪರೀಕ್ಷೆಯ ಅಗತ್ಯ ಇಲ್ಲ. ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 2015ರಿಂದಲೇ ಇದನ್ನು ಹೇಳುತ್ತಿದೆ. ಕಾರಣ ಮೇಲೆ ಹೇಳಿದ ಏರಿಳಿತವೇ. ಇವತ್ತು 35 ಬಂದ ಎಫ್‌ಎಸ್‌ಎಚ್ ಮುಂದಿನ ತಿಂಗಳು 9 ಬರಬಹುದು. ಎರಡೂ ಸರಿ, ಎರಡರಿಂದಲೂ ಏನೂ ತೀರ್ಮಾನ ಆಗುವುದಿಲ್ಲ. ಅಂಡಾಶಯದಲ್ಲಿ ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಕೊಡುವ ಎಎಂಎಚ್ ಪರೀಕ್ಷೆಯೂ ಈ ವಯಸ್ಸಿನಲ್ಲಿ ಯಾವತ್ತು ಮುಟ್ಟು ನಿಲ್ಲುತ್ತದೆ ಅಂತ ತಾರೀಖು ಹೇಳುವುದಿಲ್ಲ.

ಎಫ್‌ಎಸ್‌ಎಚ್ ನಿಜವಾಗಿ ಬೇಕಾಗುವುದು ವಯಸ್ಸು ನಲವತ್ತರೊಳಗೆ ಇದ್ದು ಮುಟ್ಟು ನಿಂತವರಿಗೆ, ಕೆಲವೊಮ್ಮೆ 40–45ರ ನಡುವಿನವರಿಗೆ. ಅದನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಎರಡು ಸಲ ನೋಡುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ.

ಆ ದುಡ್ಡಿಗೆ ಇವನ್ನು ಮಾಡಿಸಿ: ಹಿಮೋಗ್ಲೋಬಿನ್ (12ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತ), ಸಾಧ್ಯವಿದ್ದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ. ಜೋರಾಗಿ ಹೋಗುತ್ತಿದ್ದರೆ ಸ್ಕ್ಯಾನ್. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿರುವವರು ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನು ತಪ್ಪಾಗಿ ತೋರಿಸಬಲ್ಲದು.

ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಸಾಕು. 30 ದಾಟಿದವರಿಗೆ ಗರ್ಭಕಂಠದ ಮತ್ತು ಸ್ತನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವತ್ತು, ಎಲ್ಲಿ ಅಂತ ಹೇಳುತ್ತಾರೆ. ಸಂಕೋಚ ಪಡಬೇಡಿ, ನೋವಾಗುವ ಪರೀಕ್ಷೆ ಅಲ್ಲ.

ಹಂತ 6: ಡಾಕ್ಟರ ಮುಂದೆ

ಕ್ಯಾಲೆಂಡರಿನ ಹಾಳೆಗಳ ಫೋಟೋ ತೆಗೆದುಕೊಂಡು ಹೋಗಿ. ಆದರೆ ಅದನ್ನೆಲ್ಲ ಓದುವಷ್ಟು ಸಮಯ ಅವರಿಗೆ ಇರುವುದಿಲ್ಲ, ಅದಕ್ಕೇ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿಡಿ: ಕಳೆದ ಆರು ಮುಟ್ಟಿನ ತಾರೀಖು, ಅತಿ ಜೋರಿನ ದಿನದ ಪ್ಯಾಡಿನ ಲೆಕ್ಕ, ಹೆಚ್ಚು ಕಾಡುತ್ತಿರುವ ಒಂದೇ ತೊಂದರೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ಆಯುರ್ವೇದದ್ದು, ನಾಟಿ ಔಷಧಿ, ಆನ್‌ಲೈನಿನಲ್ಲಿ ತರಿಸಿದ ಪುಡಿ ಎಲ್ಲವೂ ಅದರಲ್ಲಿ ಬರಬೇಕು. ಅಮ್ಮನಿಗೆ ಎಷ್ಟನೇ ವಯಸ್ಸಿಗೆ ಮುಟ್ಟು ನಿಂತಿತು ಅನ್ನುವುದನ್ನೂ ಕೇಳಿಕೊಂಡು ಹೋಗಿ. ಬೇಗ ನಿಲ್ಲುವುದು ಮನೆತನದಲ್ಲಿ ಬರುವುದುಂಟು.

ಸೇರುವಾಗ ನೋವು, ಒಣಗಿದ ಹಾಗೆ ಉರಿ, ಪದೇ ಪದೇ ಉರಿಮೂತ್ರ ಇದ್ದರೆ ಅದನ್ನು ಹೇಳಲೇಬೇಕು. ನಮ್ಮ ಹೆಂಗಸರು ಬಾಯಿ ಬಿಡದೆ ವರ್ಷಗಟ್ಟಲೆ ನರಳುವುದು ಇದರಲ್ಲೇ, ನನಗೆ ತುಂಬ ಬೇಜಾರಾಗುವುದೂ ಇದಕ್ಕೇ. ಬಿಸಿ-ಬೆವರು ಕಾಲ ಕಳೆದಂತೆ ಕಡಿಮೆಯಾಗುತ್ತದೆ, ಇದು ತಾನಾಗಿ ಕಡಿಮೆಯಾಗುವುದಿಲ್ಲ. ಆ ಜಾಗಕ್ಕೆ ಮಾತ್ರ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಹಾರ್ಮೋನ್ ಇಲ್ಲದ ಜೆಲ್‌ಗಳೂ ಇವೆ.

ಹಾರ್ಮೋನ್ ಚಿಕಿತ್ಸೆ ಅಂದ ತಕ್ಷಣ "ಕ್ಯಾನ್ಸರ್ ಬರುತ್ತಂತೆ" ಅನ್ನುವ ಭಯ ಇದೆ. ಅದು ಹುಟ್ಟಿದ್ದು 2002ರಲ್ಲಿ ಈ ಚಿಕಿತ್ಸೆಯ ಮೇಲೆ ನಡೆಯುತ್ತಿದ್ದ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಅರ್ಧಕ್ಕೆ ನಿಲ್ಲಿಸಿದಾಗ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ಹತ್ತು ವರ್ಷಕ್ಕೂ ಮೇಲಾಗಿದ್ದವರೇ ಜಾಸ್ತಿ. 60 ದಾಟದ, ಮುಟ್ಟು ನಿಂತು ಹತ್ತು ವರ್ಷ ಆಗಿರದ, ಬೇರೆ ಅಡ್ಡಿ ಇಲ್ಲದವರಿಗೆ ಜೋರು ಬಿಸಿ-ಬೆವರಿನ ತೊಂದರೆ ಇದ್ದರೆ ಲಾಭವೇ ಹೆಚ್ಚು ಅನ್ನುವುದು ಇವತ್ತಿನ ಅಭಿಪ್ರಾಯ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದವರು, ಸ್ಟ್ರೋಕ್ ಆದವರು, ಲಿವರ್ ಕೆಟ್ಟವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಬೇಡ. ಅವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ.

ಹಂತ 7: "ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದರೆ

ಇಲ್ಲಿ ನಿಧಾನ ಮಾಡಿ. ಜೋರು ರಕ್ತಸ್ರಾವಕ್ಕೆ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಮಾತ್ರೆ, ಹಾರ್ಮೋನ್ ಇರುವ ಐಯುಡಿ ಇವೆಲ್ಲ ಮೊದಲು ಬರಬೇಕು. ಅಗತ್ಯ ಇಲ್ಲದೆ ಗರ್ಭಕೋಶ ತೆಗೆಯುವುದು ಎಷ್ಟು ದೊಡ್ಡ ಸಮಸ್ಯೆ ಅಂದರೆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಏಪ್ರಿಲ್‌ನಲ್ಲಿ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಆದೇಶ ಬಂತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರು ಇದೇ ವಿಷಯಕ್ಕೆ ಬೀದಿಗಿಳಿದು ಹೋರಾಡಿದ್ದಾರೆ.

ಕೇಳಬೇಕಾದ ಪ್ರಶ್ನೆಗಳು: ರಕ್ತ ಯಾಕೆ ಹೋಗುತ್ತಿದೆ ಅಂತ ಖಚಿತವಾಗಿದೆಯೇ? ಒಳಪದರದ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದೆಯೇ? ಮಾತ್ರೆಯಲ್ಲಿ ಕಡಿಮೆಯಾಗುವುದಿಲ್ಲವೇ? ಅಂಡಾಶಯ ಉಳಿಸುತ್ತೀರಾ? ಈ ಕೊನೆಯದು ತುಂಬ ಮುಖ್ಯ. ಎರಡೂ ಅಂಡಾಶಯ ತೆಗೆದರೆ ಅವತ್ತಿನಿಂದಲೇ ಮೆನೋಪಾಸ್. 38–40ರ ವಯಸ್ಸಿನಲ್ಲಿ ಹಾಗಾದರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಕ್ಯಾನ್ಸರ್, ಗರ್ಭಕೋಶದಲ್ಲೇ ಬೆಳೆದ ತುಂಬಾ ದೊಡ್ಡ ಗಡ್ಡೆ ಇದ್ದಾಗ ಆಪರೇಷನ್ ಬೇಕೇ ಬೇಕು, ಅದನ್ನು ಮುಂದೂಡಬಾರದು. ಅಂಥ ತುರ್ತು ಇಲ್ಲ ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳಿ. ನೀವು ಬರೆದ ಲೆಕ್ಕ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಹಂತ 8: ಕೆಂಪು ಸುತ್ತು ನಿಂತ ಮೇಲೆ

ಕೊನೆಯ ಮುಟ್ಟಿನ ದಿನದಿಂದ 12 ತಿಂಗಳು ಎಣಿಸಿ. ಹತ್ತನೇ ತಿಂಗಳಲ್ಲಿ ಮತ್ತೆ ಬಂದರೆ ಎಣಿಕೆ ಮೊದಲಿನಿಂದ. ಗರ್ಭ ತಡೆಯುವ ಕ್ರಮವನ್ನು 50 ದಾಟಿದವರು ಕೊನೆಯ ಮುಟ್ಟಾದ ಮೇಲೆ ಒಂದು ವರ್ಷ, 50ರೊಳಗಿನವರು ಎರಡು ವರ್ಷ ಮುಂದುವರಿಸಬೇಕು. ಸಂತಾನಹರಣ ಆಪರೇಷನ್ ಆದವರಿಗೆ ಈ ಚಿಂತೆ ಇಲ್ಲ.

ಈಗ ಬರೆಯಬೇಕಾದದ್ದು ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ತೂಕ, ಸೊಂಟದ ಅಳತೆ, ಬಿಪಿ. ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟ್ರಾಲ್. ಕ್ಯಾಲ್ಸಿಯಂ ದಿನಕ್ಕೆ 1,000ರಿಂದ 1,200 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ಮಧ್ಯಾಹ್ನ ಮುದ್ದೆ, ಎರಡು ಹೊತ್ತು ಹಾಲು-ಮಜ್ಜಿಗೆ, ಜೊತೆಗೆ ಸೊಪ್ಪು, ಎಳ್ಳು ಇದ್ದರೆ ತುಂಬ ಜನಕ್ಕೆ ಮಾತ್ರೆಯೇ ಬೇಕಾಗುವುದಿಲ್ಲ. ಥೈರಾಯ್ಡ್ ಮಾತ್ರೆಯೂ ಇರುವವರು ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಾಗಿ ನಾಲ್ಕು ಗಂಟೆ ಬಿಟ್ಟು, ಅವೆರಡೂ ಒಟ್ಟಿಗೆ ಬೇಡ. ಬೇಗ ಮುಟ್ಟು ನಿಂತವರು, ಸಣ್ಣಗೆ ಬಿದ್ದರೂ ಮೂಳೆ ಮುರಿದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ.

12 ತಿಂಗಳು ದಾಟಿದ ಮೇಲೆ ಒಂದು ಹನಿ ರಕ್ತ ಕಾಣಿಸಿದರೂ, ಅದು ಕಂದು ಕಲೆಯಾಗಿದ್ದರೂ, "ಹೀಟ್ ಆಗಿರಬೇಕು" ಅಂತ ಎಳನೀರು ಕುಡಿದು ಸುಮ್ಮನಾಗಬೇಡಿ. ಹೆಚ್ಚಿನವರಿಗೆ ಅದು ಒಣಗಿದ ಪದರದಿಂದಲೋ, ಪದರದಲ್ಲಿ ಬೆಳೆದ ಸಣ್ಣ ಮಾಂಸದ ಮೊಳಕೆ ಅಂದರೆ ಪಾಲಿಪ್‌ನಿಂದಲೋ ಬಂದಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೂ ಹೀಗೆಯೇ. ಬೇಗ ಗೊತ್ತಾದರೆ ಅದು ಚೆನ್ನಾಗಿ ಗುಣವಾಗುವ ಕ್ಯಾನ್ಸರ್. ಕಂಡ ತಾರೀಖು ಬರೆದುಕೊಂಡು ಅದೇ ವಾರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಒಳಪದರದ ದಪ್ಪ ಎಷ್ಟಿದೆ ಅಂತ ಸ್ಕ್ಯಾನ್ ಮಾಡಿಸಿ. 4 ಮಿಲಿಮೀಟರಿಗಿಂತ ಜಾಸ್ತಿ ಬಂದರೆ ಬಯಾಪ್ಸಿ ಬೇಕಾಗುತ್ತದೆ. ಕಡಿಮೆ ಇದ್ದು ಮತ್ತೆ ಮತ್ತೆ ರಕ್ತ ಕಾಣಿಸಿದರೂ ಮತ್ತೆ ಹೋಗಿ ತೋರಿಸಬೇಕು.